ಕಾರಿನ ಒಂದೇ ಚಕ್ರ ಬಿಸಿಯಾಗುತ್ತಿದೆಯೇ? ಹಿಡಿದ ಬ್ರೇಕ್ ಬಿಡದಿದ್ದರೆ ಪತ್ತೆ ಮಾಡುವುದು, ಸರಿಪಡಿಸುವುದು ಹೇಗೆ?

ಬ್ರೇಕ್ ಎಂದ ಕೂಡಲೇ ನಮಗೆಲ್ಲ ಇರುವ ಭಯ ಒಂದೇ: ಒತ್ತಿದಾಗ ಹಿಡಿಯದೇ ಹೋದರೆ? 'ಬ್ರೇಕ್ ಫೇಲ್ ಆದರೆ ಹೀಗೆ ಮಾಡಿ' ಎಂಬ ಸಂದೇಶಗಳು ಫ್ಯಾಮಿಲಿ ಗ್ರೂಪ್‌ಗಳಲ್ಲಿ ಆಗಾಗ ಸುತ್ತುತ್ತಲೇ ಇರುತ್ತವೆ. ಆದರೆ ಇದಕ್ಕೆ ಉಲ್ಟಾ ಆದ ಇನ್ನೊಂದು ತೊಂದರೆ ಇದೆ. ಪೆಡಲ್‌ನಿಂದ ಕಾಲು ತೆಗೆದ ಮೇಲೂ ಬ್ರೇಕ್ ಪೂರ್ತಿ ಬಿಡದೆ, ಚಕ್ರವನ್ನು ಹಿಡಿದುಕೊಂಡೇ ಇರುವುದು. ಗ್ಯಾರೇಜ್ ಭಾಷೆಯಲ್ಲಿ ಇದನ್ನು 'ಬ್ರೇಕ್ ಜಾಮ್' ಅಥವಾ 'ಬ್ರೇಕ್ ಬೈಂಡಿಂಗ್' ಎನ್ನುತ್ತಾರೆ.

'ಬ್ರೇಕ್ ಸ್ವಲ್ಪ ಟೈಟ್ ಇದ್ದರೆ ಒಳ್ಳೆಯದೇ ಅಲ್ವಾ?' ಎಂದು ಕೆಲವರು ಕೇಳುತ್ತಾರೆ. ಅಲ್ಲ. ಬಿಡದ ಬ್ರೇಕ್ ಬಿಸಿಯಾಗುತ್ತದೆ, ಬಿಸಿ ಮಿತಿ ಮೀರಿದರೆ ಅದೇ ಬ್ರೇಕ್ ಹಿಡಿಯುವ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ. ಅಂದರೆ ಬ್ರೇಕ್ ಜಾಮ್ ಎನ್ನುವುದು ಬ್ರೇಕ್ ಫೇಲ್‌ಗೆ ಹೋಗುವ ದಾರಿಗಳಲ್ಲಿ ಒಂದು.

ಇದರಲ್ಲಿ ಹಣ ಪೋಲಾಗುವುದೂ ಉಂಟು. ಚಕ್ರ ಬಿಸಿಯಾಗುತ್ತಿದೆ ಎಂದು ಪ್ಯಾಡ್ ಬದಲಿಸಿ, ತಿಂಗಳೊಳಗೆ ಅದೇ ವಾಸನೆ ಮತ್ತೆ ಬಂದರೆ ಕಾರಣ ಸರಳ: ಸವೆದ ಭಾಗವನ್ನು ಬದಲಿಸಲಾಗಿದೆ, ಸಿಕ್ಕಿಕೊಂಡ ಭಾಗವನ್ನು ಹುಡುಕಿಲ್ಲ. ಆ ಹುಡುಕಾಟ ಹೇಗೆ ಎನ್ನುವುದನ್ನು ಈ ಲೇಖನದಲ್ಲಿ ತಿಳಿಯೋಣ.

ಬ್ರೇಕ್ ಹಿಡಿಯುವುದು ಹೇಗೆ? ಬಿಡುವುದು ಹೇಗೆ?

ಹಿಡಿಯುವ ಕೆಲಸ ಸುಲಭವಾಗಿ ಅರ್ಥವಾಗುತ್ತದೆ. ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರ್ ಎಂಬ ಪಂಪ್ ಬ್ರೇಕ್ ದ್ರವವನ್ನು ಒತ್ತುತ್ತದೆ. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಒಂದೇ ಸಮನಾಗಿ ಹಂಚಿಕೆಯಾಗುತ್ತದೆ. ಇದು ಹೈಸ್ಕೂಲಿನಲ್ಲಿ ಓದಿದ ಪ್ಯಾಸ್ಕಲ್ ನಿಯಮ. ಆ ಒತ್ತಡ ಪೈಪ್‌ಗಳ ಮೂಲಕ ನಾಲ್ಕೂ ಚಕ್ರಗಳಿಗೆ ಹೋಗಿ ಅಲ್ಲಿನ ಪಿಸ್ಟನ್‌ಗಳನ್ನು ತಳ್ಳುತ್ತದೆ. ಡಿಸ್ಕ್ ಬ್ರೇಕ್‌ನಲ್ಲಿ ಎರಡು ಪ್ಯಾಡ್‌ಗಳು ತಿರುಗುವ ತಟ್ಟೆಯನ್ನು ಇಕ್ಕಳದಂತೆ ಹಿಡಿಯುತ್ತವೆ. ಡ್ರಮ್ ಬ್ರೇಕ್‌ನಲ್ಲಿ ಎರಡು ಶೂಗಳು ಹೊರಕ್ಕೆ ಅಗಲಗೊಂಡು ಡ್ರಮ್‌ನ ಒಳಗೋಡೆಯನ್ನು ಒತ್ತುತ್ತವೆ. ನಮ್ಮಲ್ಲಿ ಓಡಾಡುವ ಬಹಳಷ್ಟು ಸಣ್ಣ ಕಾರುಗಳಲ್ಲಿ ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುತ್ತದೆ.

ಬಿಡುವ ಕೆಲಸದ ಬಗ್ಗೆ ನಾವು ಯೋಚಿಸುವುದೇ ಇಲ್ಲ. ಡ್ರಮ್ ಬ್ರೇಕ್‌ನಲ್ಲಿ ಶೂಗಳನ್ನು ಹಿಂದಕ್ಕೆ ಎಳೆಯಲು ಗಟ್ಟಿಯಾದ ಸ್ಪ್ರಿಂಗ್‌ಗಳಿವೆ. ಸಾಮಾನ್ಯ ಡಿಸ್ಕ್ ಬ್ರೇಕ್‌ನಲ್ಲಿ ಅಂಥ ದೊಡ್ಡ ಸ್ಪ್ರಿಂಗ್ ಇರುವುದಿಲ್ಲ. ಪಿಸ್ಟನ್ ಸುತ್ತ ಇರುವ ಒಂದು ರಬ್ಬರ್ ಸೀಲ್, ಪಿಸ್ಟನ್ ಮುಂದೆ ಹೋದಾಗ ಅದರ ಜೊತೆ ಸ್ವಲ್ಪ ವಾಲುತ್ತದೆ. ಒತ್ತಡ ಇಳಿದ ಕೂಡಲೇ ಅದು ತನ್ನ ಮೊದಲಿನ ಆಕಾರಕ್ಕೆ ಮರಳುತ್ತಾ ಪಿಸ್ಟನ್ ಅನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಅಷ್ಟೇ. ಇಷ್ಟು ಸೂಕ್ಷ್ಮವಾದ ವ್ಯವಸ್ಥೆಗೆ ಒಂದಿಷ್ಟು ತುಕ್ಕು, ಒಂದಿಷ್ಟು ಕೆಸರು ಸೇರಿದರೂ ಸಾಕು, ಬ್ರೇಕ್ ಬಿಡುವುದನ್ನು ಮರೆತುಬಿಡುತ್ತದೆ.

ಇಲ್ಲೊಂದು ಸ್ಪಷ್ಟನೆ ಬೇಕು. ಡಿಸ್ಕ್ ಬ್ರೇಕ್‌ನಲ್ಲಿ ಪ್ಯಾಡ್ ಡಿಸ್ಕ್‌ಗೆ ಬಹಳ ಹತ್ತಿರದಲ್ಲೇ ಇರುತ್ತದೆ. ಚಕ್ರವನ್ನು ಎತ್ತಿ ಕೈಯಲ್ಲಿ ತಿರುಗಿಸಿದಾಗ 'ಸುಂಯ್' ಎಂಬ ಸಣ್ಣ ಉಜ್ಜುವ ಸದ್ದು ಕೇಳಿಸುವುದು ಸಹಜ. ಮಳೆಯಲ್ಲಿ ನಿಂತ ಅಥವಾ ತೊಳೆದ ಕಾರು ಮರುದಿನ ಮೊದಲ ಕೆಲವು ಮೀಟರ್ ಓಡುವಾಗ ಕರಕರ ಎನ್ನುವುದೂ ಸಹಜ. ಅದು ಡಿಸ್ಕ್ ಮೇಲೆ ರಾತ್ರೋರಾತ್ರಿ ಕಟ್ಟಿದ ತೆಳು ತುಕ್ಕು. ನಾಲ್ಕೈದು ಸಲ ಬ್ರೇಕ್ ಹಾಕಿದರೆ ಹೋಗುತ್ತದೆ. ಇವೆರಡೂ ಬ್ರೇಕ್ ಜಾಮ್ ಅಲ್ಲ.

ಸ್ವಲ್ಪ ಹಿಡಿದುಕೊಂಡರೆ ಅಷ್ಟೊಂದು ಬಿಸಿ ಹೇಗೆ?

ಒಂದು ಸಣ್ಣ ಲೆಕ್ಕ ನೋಡೋಣ. ಒಂದು ಚಕ್ರದ ಬ್ರೇಕ್ ಬಿಡದೆ ಕಾರನ್ನು 50 ನ್ಯೂಟನ್ ಬಲದಿಂದ ಹಿಂದಕ್ಕೆ ಜಗ್ಗುತ್ತಿದೆ ಎಂದುಕೊಳ್ಳಿ. 5 ಕೆ.ಜಿ. ಅಕ್ಕಿ ಚೀಲವನ್ನು ಕೈಯಲ್ಲಿ ಹಿಡಿದು ನಿಲ್ಲಲು ಬೇಕಾಗುವಷ್ಟು ಬಲ ಅದು. ಓಡಿಸುವವರಿಗೆ ಇದು ಗೊತ್ತೂ ಆಗಲಿಕ್ಕಿಲ್ಲ. ಕಾರು ಗಂಟೆಗೆ 80 ಕಿ.ಮೀ. ವೇಗದಲ್ಲಿದ್ದರೆ ಸೆಕೆಂಡಿಗೆ ಸುಮಾರು 22 ಮೀಟರ್ ಸಾಗುತ್ತದೆ. 50 ಅನ್ನು 22ರಿಂದ ಗುಣಿಸಿ: 1,100 ವ್ಯಾಟ್.

ಅಂದರೆ ಬಟ್ಟೆಗೆ ಹಾಕುವ ಒಂದು ಸಾವಿರ ವ್ಯಾಟ್‌ನ ಇಸ್ತ್ರಿ ಪೆಟ್ಟಿಗೆಯನ್ನು ಚಕ್ರದೊಳಗೆ ಇಟ್ಟು ಸ್ವಿಚ್ ಹಾಕಿದಂತೆ. ಇಸ್ತ್ರಿ ಪೆಟ್ಟಿಗೆಯಲ್ಲಾದರೂ ಬಿಸಿ ಹೆಚ್ಚಾದರೆ ತಾನೇ ಆಫ್ ಆಗುವ ಥರ್ಮೋಸ್ಟಾಟ್ ಇರುತ್ತದೆ. ಚಕ್ರದಲ್ಲಿ ಅದಿಲ್ಲ.

ಈ ಶಕ್ತಿ ಬರುವುದು ನಿಮ್ಮ ಪೆಟ್ರೋಲ್‌ನಿಂದಲೇ. ಎಂಜಿನ್ ಪೆಟ್ರೋಲ್‌ನ ಶಕ್ತಿಯಲ್ಲಿ ಸುಮಾರು ಕಾಲು ಭಾಗವನ್ನಷ್ಟೇ ಚಕ್ರಕ್ಕೆ ತಲುಪಿಸುತ್ತದೆ ಎಂದಿಟ್ಟುಕೊಂಡರೆ, ಹೀಗೆ ಒಂದು ಗಂಟೆ ಓಡಿದಾಗ ಅಂದಾಜು ಅರ್ಧ ಲೀಟರ್ ಪೆಟ್ರೋಲ್ ಆ ಒಂದು ಚಕ್ರವನ್ನು ಕಾಯಿಸಲಿಕ್ಕೇ ಖರ್ಚಾಗುತ್ತದೆ. ಕಾರಣವಿಲ್ಲದೆ ಮೈಲೇಜ್ ಇಳಿದಿದ್ದರೆ ಪೆಟ್ರೋಲ್ ಬಂಕ್ ಮೇಲೆ ಅನುಮಾನ ಪಡುವ ಮೊದಲು ಚಕ್ರಗಳನ್ನು ನೋಡಿ.

ಬ್ರೇಕ್ ಆಯಿಲ್ ಕುದಿದರೆ ಏನಾಗುತ್ತದೆ?

ಅಪಾಯ ಇರುವುದು ಇಲ್ಲಿ. ಬ್ರೇಕ್‌ನ ಬಿಸಿ ಪಿಸ್ಟನ್ ಮೂಲಕ ದ್ರವಕ್ಕೆ ತಲುಪುತ್ತದೆ. ನಾವು ಇದನ್ನು 'ಬ್ರೇಕ್ ಆಯಿಲ್' ಎಂದು ಕರೆದರೂ ಕಾರುಗಳಲ್ಲಿ ಸಾಮಾನ್ಯವಾಗಿ ಬಳಸುವ ಡಾಟ್ 3, ಡಾಟ್ 4 ದ್ರವಗಳು ಎಣ್ಣೆಯಲ್ಲ. ಇವು ಗ್ಲೈಕಾಲ್ ಜಾತಿಯ ರಾಸಾಯನಿಕಗಳು. ಇವು ಗಾಳಿಯಲ್ಲಿರುವ ತೇವವನ್ನು ನಿಧಾನವಾಗಿ ಹೀರಿಕೊಳ್ಳುತ್ತವೆ.

ಹೊಸ ಡಾಟ್ 3 ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ಡಾಟ್ 4ಕ್ಕೆ ಇದು 230 ಡಿಗ್ರಿ. ದ್ರವ 3.7% ನೀರು ಹೀರಿಕೊಂಡ ಸ್ಥಿತಿಗೆ ಈ ಮಿತಿ ಡಾಟ್ 3ರಲ್ಲಿ 140 ಡಿಗ್ರಿಗೆ, ಡಾಟ್ 4ರಲ್ಲಿ 155 ಡಿಗ್ರಿಗೆ ಇಳಿಯುತ್ತದೆ. ಹಾಗಾಗಿಯೇ ಹಲವು ಕಾರು ಕಂಪನಿಗಳು ಸುಮಾರು 2 ವರ್ಷಕ್ಕೊಮ್ಮೆ ಈ ದ್ರವ ಬದಲಿಸಲು ಹೇಳುತ್ತವೆ.

ದ್ರವ ಕುದಿದರೆ ಆವಿಯ ಗುಳ್ಳೆಗಳಾಗುತ್ತವೆ. ದ್ರವವನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಆವಿಯನ್ನು ಒತ್ತಿದರೆ ಕುಗ್ಗುತ್ತದೆ. ಆಗ ಪೆಡಲ್ ಸ್ಪಂಜಿನಂತೆ ಮೆತ್ತಗಾಗಿ ಕೆಳಕ್ಕೆ ಹೋಗುತ್ತದೆ, ಚಕ್ರಕ್ಕೆ ಒತ್ತಡ ತಲುಪುವುದಿಲ್ಲ. ಚಾರ್ಮಾಡಿ, ಆಗುಂಬೆ ಅಥವಾ ಶಿರಾಡಿಯ ಇಳಿಜಾರಿನಲ್ಲಿ ಇದು ಸಂಭವಿಸಿದರೆ ಏನಾಗಬಹುದು ಎಂದು ವಿವರಿಸಬೇಕಿಲ್ಲ. ಇದಲ್ಲದೆ ಚಕ್ರದ ಬೇರಿಂಗ್‌ನ ಗ್ರೀಸ್ ಕರಗಬಹುದು, ರಬ್ಬರ್ ಸೀಲ್‌ಗಳು ಸುಡಬಹುದು, ಅಪರೂಪಕ್ಕೆ ಬೆಂಕಿಯೂ ಹೊತ್ತಿಕೊಳ್ಳಬಹುದು.

ಘಟ್ಟದ ಬಿಸಿಯೋ, ಬ್ರೇಕ್ ಜಾಮೋ?

ಘಟ್ಟ ಇಳಿದು ಬಂದ ಕಾರಿನಿಂದ ಸುಟ್ಟ ವಾಸನೆ ಬಂದರೆ ಅದು ಬ್ರೇಕ್ ಜಾಮ್ ಎಂದೇ ಅರ್ಥವಲ್ಲ. 1,000 ಕೆ.ಜಿ. ತೂಕದ ಕಾರನ್ನು 80 ಕಿ.ಮೀ. ವೇಗದಿಂದ ಒಮ್ಮೆ ನಿಲ್ಲಿಸಿದರೆ ಸುಮಾರು 2.5 ಲಕ್ಷ ಜೂಲ್ ಶಕ್ತಿ ಶಾಖವಾಗಿ ಬದಲಾಗುತ್ತದೆ. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟೇ ಬಂದರೆ ಎಲ್ಲ ಬ್ರೇಕ್‌ಗಳೂ ಕಾಯುವುದು ಸಹಜ.

ವ್ಯತ್ಯಾಸ ಹೀಗೆ ಗುರುತಿಸಿ. ಬಳಕೆಯಿಂದ ಬಂದ ಬಿಸಿ ಎಡ ಮತ್ತು ಬಲ ಚಕ್ರಗಳಲ್ಲಿ ಹೆಚ್ಚುಕಡಿಮೆ ಒಂದೇ ರೀತಿ ಇರುತ್ತದೆ. ಜಾಮ್ ಆದ ಬ್ರೇಕ್ ಸಮತಟ್ಟಾದ ರಸ್ತೆಯಲ್ಲಿ, ಬ್ರೇಕ್ ಹೆಚ್ಚು ಬಳಸದಿದ್ದರೂ ಬಿಸಿಯಾಗುತ್ತದೆ, ಬಹುಪಾಲು ಒಂದೇ ಚಕ್ರದಲ್ಲಿ. ಏರಿನಲ್ಲಿ ಹಾಫ್ ಕ್ಲಚ್ ಹಿಡಿದು ಓಡಿಸಿದಾಗಲೂ ಇಂಥದೇ ವಾಸನೆ ಬರುತ್ತದೆ. ಅದು ಬಾನೆಟ್ ಕಡೆಯಿಂದ ಬರುತ್ತದೆಯೇ ಹೊರತು ಒಂದು ಚಕ್ರದಿಂದಲ್ಲ.

ಗುರುತಿಸುವ ಲಕ್ಷಣಗಳು

• ಸಮತಟ್ಟಾದ ಜಾಗದಲ್ಲಿ ನ್ಯೂಟ್ರಲ್‌ನಲ್ಲಿಟ್ಟು ತಳ್ಳಿದರೆ ಕಾರು ಸುಲಭವಾಗಿ ಚಲಿಸುವುದಿಲ್ಲ.
• ಬ್ರೇಕ್ ಹಾಕದೆ ನೇರ ಹೋಗುವಾಗಲೂ ಕಾರು ಒಂದು ಬದಿಗೆ ಎಳೆಯುತ್ತದೆ. ಮುಂದಿನ ಚಕ್ರ ಜಾಮ್ ಆಗಿದ್ದರೆ ಸಾಮಾನ್ಯವಾಗಿ ಆ ಚಕ್ರದ ಕಡೆಗೇ ಎಳೆಯುತ್ತದೆ. (ಟೈರ್ ಗಾಳಿ ಕಡಿಮೆ ಇದ್ದರೂ ಹೀಗಾಗುತ್ತದೆ. ಮೊದಲು ಗಾಳಿ ನೋಡಿ.)
• ಒಂದು ಚಕ್ರದ ರಿಮ್ ಮೇಲೆ ಮಾತ್ರ ಕಪ್ಪು ಧೂಳು ಬೇಗ ಕೂರುತ್ತದೆ.
• ಒಂದು ಬದಿಯ ಪ್ಯಾಡ್ ಇನ್ನೊಂದು ಬದಿಗಿಂತ ತುಂಬಾ ಬೇಗ ಸವೆಯುತ್ತದೆ.
• ಮೈಲೇಜ್ ಇಳಿಯುತ್ತದೆ, ಪಿಕಪ್ ಮಂಕಾಗುತ್ತದೆ.
• ನಿಲ್ಲಿಸಿದಾಗ ಒಂದು ಚಕ್ರದಿಂದ ಸುಟ್ಟ ವಾಸನೆ ಅಥವಾ ಹೊಗೆ ಬರುತ್ತದೆ.

ದಾರಿಯಲ್ಲಿ ಗೊತ್ತಾದರೆ ಮೊದಲು ಏನು ಮಾಡಬೇಕು?

1. ರಸ್ತೆ ಬದಿಯಲ್ಲಿ ಸುರಕ್ಷಿತವಾದ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಒಣಹುಲ್ಲಿನ ಮೇಲೆ ಬೇಡ. ಹಜಾರ್ಡ್ ಲೈಟ್ ಹಾಕಿ.
2. ಹಿಂದಿನ ಚಕ್ರ ಬಿಸಿಯಾಗಿದ್ದರೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಗೇರ್‌ನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಆಟೋಮ್ಯಾಟಿಕ್ ಆದರೆ 'ಪಿ'ಯಲ್ಲಿ ಇಡಿ.
3. ರಿಮ್, ಡಿಸ್ಕ್, ಡ್ರಮ್ ಯಾವುದನ್ನೂ ಮುಟ್ಟಬೇಡಿ. ಮಕ್ಕಳನ್ನು ದೂರ ಇಡಿ.
4. ನೀರು ಸುರಿಯಬೇಡಿ. ತಾನಾಗಿಯೇ ತಣಿಯಲು ಬಿಡಿ.
5. ಜ್ವಾಲೆ ಕಂಡರೆ ಎಲ್ಲರನ್ನೂ ದೂರ ಕಳುಹಿಸಿ 112ಕ್ಕೆ ಕರೆ ಮಾಡಿ.
6. ಪೆಡಲ್ ಮೆತ್ತಗಾಗಿದ್ದರೆ ಅಥವಾ ತಣಿದ ಮೇಲೂ ಚಕ್ರ ತಿರುಗದಿದ್ದರೆ ಓಡಿಸಲೇಬೇಡಿ. ಟೋಯಿಂಗ್ ಕರೆಸಿ.

ಯಾವ ಚಕ್ರ ಎಂದು ಪತ್ತೆ ಮಾಡುವುದು

ಪೆಡಲ್ ಗಟ್ಟಿಯಾಗಿದ್ದು, ಕಾರು ನಿಯಂತ್ರಣದಲ್ಲಿದ್ದರೆ ಮಾತ್ರ ಈ ಪರೀಕ್ಷೆ ಮಾಡಿ. ವಾಹನ ಸಂಚಾರ ಕಡಿಮೆ ಇರುವ ಸಮತಟ್ಟಾದ ರಸ್ತೆಯಲ್ಲಿ 10 ರಿಂದ 15 ನಿಮಿಷ, ಆದಷ್ಟು ಕಡಿಮೆ ಬ್ರೇಕ್ ಬಳಸಿ ಓಡಿಸಿ. ವೇಗ ತಾನಾಗಿಯೇ ಇಳಿಯಲು ಬಿಟ್ಟು ಮೆಲ್ಲಗೆ ನಿಲ್ಲಿಸಿ. ನಂತರ ಒಂದೊಂದು ಚಕ್ರದ ಬಳಿ ಅಂಗೈಯನ್ನು ಸ್ವಲ್ಪ ದೂರದಲ್ಲಿ ಹಿಡಿದು ಶಾಖ ಗಮನಿಸಿ. ಮುಟ್ಟಬೇಡಿ. ಇನ್‌ಫ್ರಾರೆಡ್ ಥರ್ಮಾಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು. ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಥರ್ಮಾಮೀಟರ್ ಇದಕ್ಕೆ ಆಗುವುದಿಲ್ಲ, ಅದು ಮೈ ಬಿಸಿಯ ವ್ಯಾಪ್ತಿಯನ್ನಷ್ಟೇ ಅಳೆಯುತ್ತದೆ. ಕೈಗಾರಿಕೆಗೆ ಬಳಸುವ ಮಾದರಿ ಬೇಕು.

ಹೋಲಿಕೆ ಮಾಡುವಾಗ ಮುಂದಿನ ಎಡವನ್ನು ಮುಂದಿನ ಬಲದ ಜೊತೆ, ಹಿಂದಿನ ಎಡವನ್ನು ಹಿಂದಿನ ಬಲದ ಜೊತೆ ಹೋಲಿಸಿ. ಮುಂದಿನ ಬ್ರೇಕ್‌ಗಳು ಹೆಚ್ಚು ಕೆಲಸ ಮಾಡುವುದರಿಂದ ಹಿಂದಿನವುಗಳಿಗಿಂತ ಬಿಸಿ ಇರುವುದು ಸಹಜ.

ಯಾವ ಚಕ್ರಗಳು ಎಂಬುದೇ ಅರ್ಧ ಉತ್ತರ ಕೊಡುತ್ತದೆ:

• ಒಂದೇ ಚಕ್ರ: ತೊಂದರೆ ಆ ಚಕ್ರದಲ್ಲೇ. ಕ್ಯಾಲಿಪರ್, ಸ್ಲೈಡ್ ಪಿನ್, ಪ್ಯಾಡ್ ಅಥವಾ ಅದರ ಹೋಸ್ ಪೈಪ್.
• ಹಿಂದಿನ ಎರಡೂ ಚಕ್ರ: ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿಯಾಗಿರುವುದು ಅಥವಾ ತುಕ್ಕು ಹಿಡಿದಿರುವುದು.
• ನಾಲ್ಕೂ ಚಕ್ರ, ಅಥವಾ ಮೂಲೆಯಿಂದ ಮೂಲೆಗೆ ಎರಡು ಚಕ್ರ: ಮಾಸ್ಟರ್ ಸಿಲಿಂಡರ್ ಕಡೆ ತೊಂದರೆ. ಮುಂದಿನ ಚಕ್ರಗಳಿಂದ ಓಡುವ ಅನೇಕ ಕಾರುಗಳಲ್ಲಿ ಬ್ರೇಕ್ ಪೈಪ್‌ಗಳನ್ನು ಮುಂದಿನ ಎಡ ಮತ್ತು ಹಿಂದಿನ ಬಲ, ಮುಂದಿನ ಬಲ ಮತ್ತು ಹಿಂದಿನ ಎಡ ಎಂದು ಎರಡು ಭಾಗ ಮಾಡಿರುತ್ತಾರೆ.

ಮುಖ್ಯ ಪ್ರಶ್ನೆ: ಒತ್ತಡ ಸಿಕ್ಕಿಕೊಂಡಿದೆಯೋ, ಲೋಹ ಸಿಕ್ಕಿಕೊಂಡಿದೆಯೋ?

ಬ್ರೇಕ್ ಬಿಡದಿರಲು ಕಾರಣಗಳು ಹತ್ತಾರು ಇದ್ದರೂ ಅವೆಲ್ಲ ಎರಡೇ ಗುಂಪಿಗೆ ಸೇರುತ್ತವೆ. ಒಂದು, ಪೆಡಲ್ ಬಿಟ್ಟ ಮೇಲೂ ಪೈಪ್‌ನೊಳಗೆ ದ್ರವದ ಒತ್ತಡ ಉಳಿದುಕೊಂಡಿದೆ. ಎರಡು, ಒತ್ತಡ ಇಳಿದಿದೆ, ಆದರೆ ತುಕ್ಕಿನಿಂದ ಪಿಸ್ಟನ್, ಪಿನ್, ಪ್ಯಾಡ್ ಅಥವಾ ಕೇಬಲ್ ಹಿಂದೆ ಸರಿಯುತ್ತಿಲ್ಲ.

ಇದನ್ನು ತಿಳಿಯುವ ಪರೀಕ್ಷೆ ಗ್ಯಾರೇಜ್‌ನಲ್ಲಿ ಕೆಲವೇ ನಿಮಿಷದ ಕೆಲಸ. ಕಾರನ್ನು ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ, ನ್ಯೂಟ್ರಲ್‌ಗೆ ಹಾಕಬೇಕು. ಒಬ್ಬರು ಪೆಡಲ್ ಅನ್ನು ಕೆಲವು ಸಲ ಒತ್ತಿ ಬಿಡಬೇಕು. ಇನ್ನೊಬ್ಬರು ಚಕ್ರ ತಿರುಗಿಸಿ ನೋಡಬೇಕು. ಬಿಗಿಯಾಗಿದ್ದರೆ, ಆ ಚಕ್ರದ ಬ್ಲೀಡರ್ ಸ್ಕ್ರೂಗೆ ಸಣ್ಣ ಪೈಪ್ ಹಾಕಿ, ಪೈಪ್‌ನ ತುದಿಯನ್ನು ಬಾಟಲಿಯಲ್ಲಿಟ್ಟು, ಸ್ಕ್ರೂವನ್ನು ಸ್ವಲ್ಪ ಸಡಿಲಿಸಬೇಕು.

ದ್ರವ ಚಿಮ್ಮಿ ಚಕ್ರ ತಕ್ಷಣ ಹಗುರವಾಗಿ ತಿರುಗಿದರೆ: ಒತ್ತಡ ಸಿಕ್ಕಿಕೊಂಡಿತ್ತು. ಒಂದೇ ಚಕ್ರದಲ್ಲಿ ಹೀಗಾದರೆ ಮೊದಲ ಅನುಮಾನ ರಬ್ಬರ್ ಹೋಸ್ ಮೇಲೆ. ಹಳೆಯ ಹೋಸ್ ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗೆ ಉಬ್ಬಿ ಅಥವಾ ಸಿಪ್ಪೆ ಎದ್ದು ದಾರಿ ಮುಚ್ಚಿರಬಹುದು. ಕಾಲಿನ ಬಲಕ್ಕೆ ದ್ರವ ನುಗ್ಗಿ ಹೋಗುತ್ತದೆ, ಹಿಂದಕ್ಕೆ ಬರಲು ಮಾತ್ರ ಆಗುವುದಿಲ್ಲ. ಒಳಗೆ ಹೋಗಲು ಮಾತ್ರ ತೆರೆಯುವ ಬಾಗಿಲಿನಂತೆ. ಹಲವು ಚಕ್ರಗಳಲ್ಲಿ ಹೀಗಾದರೆ ಮಾಸ್ಟರ್ ಸಿಲಿಂಡರ್‌ನ ಹಿಂತಿರುಗುವ ರಂಧ್ರ ಮುಚ್ಚಿದೆ, ಅಥವಾ ಪೆಡಲ್ ಪೂರ್ತಿ ಮೇಲಕ್ಕೆ ಬರುತ್ತಿಲ್ಲ. ಪೆಡಲ್ ಕೆಳಗೆ ಮಡಚಿಕೊಂಡ ಫ್ಲೋರ್ ಮ್ಯಾಟ್ ಕೂಡ ಇದಕ್ಕೆ ಕಾರಣವಾಗಬಹುದು, ಅದನ್ನು ಮೊದಲೇ ನೋಡಿ.

ಸ್ಕ್ರೂ ತೆರೆದರೂ ಚಕ್ರ ಬಿಗಿಯಾಗಿಯೇ ಇದ್ದರೆ: ಲೋಹ ಸಿಕ್ಕಿಕೊಂಡಿದೆ. ಕ್ಯಾಲಿಪರ್ ಬಿಚ್ಚಿ ನೋಡಬೇಕು. ಹಿಂದಿನ ಚಕ್ರವಾದರೆ ಮೊದಲು ಹ್ಯಾಂಡ್‌ಬ್ರೇಕ್ ಕೇಬಲ್ ಸಡಿಲಿಸಿ ನೋಡಬೇಕು. ಸಡಿಲಿಸಿದಾಗ ಚಕ್ರ ಹಗುರವಾದರೆ ತೊಂದರೆ ಕೇಬಲ್‌ನದು ಅಥವಾ ಅದರ ಹೊಂದಾಣಿಕೆಯದು.

ಕೆಲವರ ದೂರು ಹೀಗಿರುತ್ತದೆ: 'ಓಡಿಸುವಾಗ ಹಿಡಿಯುತ್ತದೆ, ಗ್ಯಾರೇಜ್‌ಗೆ ಒಯ್ದರೆ ಎಲ್ಲ ಸರಿ ಇರುತ್ತದೆ.' ಇದರಲ್ಲಿ ಮಾಯವೇನೂ ಇಲ್ಲ. ಹಿಂತಿರುಗುವ ದಾರಿ ಮುಚ್ಚಿದ್ದರೆ, ಬಿಸಿಯಾದ ದ್ರವ ಹಿಗ್ಗಿ ಒತ್ತಡ ಇನ್ನೂ ಹೆಚ್ಚುತ್ತದೆ. ಒತ್ತಡ ಹೆಚ್ಚಿದರೆ ಬಿಸಿ ಹೆಚ್ಚುತ್ತದೆ. ಕಾರು ಒಂದು ಗಂಟೆ ನಿಂತರೆ ದ್ರವ ತಣಿದು ಕುಗ್ಗಿ ಬ್ರೇಕ್ ಬಿಡುತ್ತದೆ. ಹಾಗಾಗಿ ತೊಂದರೆ ಕಾಣಿಸುತ್ತಿರುವಾಗಲೇ ಪರೀಕ್ಷೆ ಮಾಡಿಸುವುದು ಮುಖ್ಯ.

ಸರಿಪಡಿಸುವುದು ಹೇಗೆ?

ಸ್ಲೈಡ್ ಪಿನ್: ಸಾಮಾನ್ಯ ಕಾರುಗಳ ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಅತ್ತಿತ್ತ ಜಾರುತ್ತದೆ. ಪಿನ್‌ನ ರಬ್ಬರ್ ಹೊದಿಕೆ ಹರಿದರೆ ನೀರು ನುಗ್ಗಿ ತುಕ್ಕು ಹಿಡಿಯುತ್ತದೆ. ಒಳಗಿನ ಪ್ಯಾಡ್ ಮಾತ್ರ ಹೆಚ್ಚು ಸವೆದಿದ್ದರೆ ಅಥವಾ ಪ್ಯಾಡ್ ಓರೆಯಾಗಿ ಸವೆದಿದ್ದರೆ ಪಿನ್ ಮೇಲೆ ಅನುಮಾನ ಪಡಿ. ಪಿನ್ ಬಿಚ್ಚಿ ಶುಚಿಮಾಡಿ, ಬ್ರೇಕ್‌ಗೆಂದೇ ಇರುವ ಸಿಲಿಕೋನ್ ಗ್ರೀಸ್ ಹಚ್ಚಿ, ಹರಿದ ಹೊದಿಕೆ ಬದಲಿಸಬೇಕು. ಪಿನ್‌ನಲ್ಲಿ ಗುಳಿ ಬಿದ್ದಿದ್ದರೆ ಪಿನ್ನೇ ಬದಲಾಗಬೇಕು. ಇದು ಸಣ್ಣ ಖರ್ಚಿನಲ್ಲಿ ಮುಗಿಯುವ ಕೆಲಸ.

ಪ್ಯಾಡ್ ಕೂರುವ ಜಾಗ: ಬ್ರಾಕೆಟ್‌ನಲ್ಲಿ ತುಕ್ಕು ಕಟ್ಟಿ ಪ್ಯಾಡ್ ಜಾರದೆ ನಿಲ್ಲುತ್ತದೆ. ವೈರ್ ಬ್ರಷ್‌ನಿಂದ ಉಜ್ಜಿ, ಕ್ಲಿಪ್‌ಗಳನ್ನು ಬದಲಿಸಿದರೆ ಸಾಕು. ಹೊಸ ಪ್ಯಾಡ್ ಅನ್ನು ಸುತ್ತಿಗೆಯಿಂದ ಬಡಿದು ಕೂರಿಸಬೇಕಾಗಿ ಬಂದರೆ ಜಾಗ ಶುಚಿಯಾಗಿಲ್ಲ ಎಂದರ್ಥ.

ಪಿಸ್ಟನ್: ಕ್ಲ್ಯಾಂಪ್ ಹಾಕಿ ನಿಧಾನವಾಗಿ ಒತ್ತಿದರೆ ಪಿಸ್ಟನ್ ಹಿಂದೆ ಸರಿಯಬೇಕು. ಸರಿಯದಿದ್ದರೆ ತುಕ್ಕು ಹಿಡಿದಿದೆ. ಸೀಲ್ ಕಿಟ್ ಹಾಕಬಹುದು. ಪಿಸ್ಟನ್ ಅಥವಾ ಸಿಲಿಂಡರ್ ಕೊರೆದಿದ್ದರೆ ಭಾಗವನ್ನೇ ಬದಲಿಸಬೇಕು. ಹಿಂದೆ ಡಿಸ್ಕ್ ಇರುವ ಕೆಲವು ಕಾರುಗಳಲ್ಲಿ ಪಿಸ್ಟನ್ ಅನ್ನು ತಿರುಗಿಸುತ್ತಾ ಒಳಗೆ ಕಳಿಸಬೇಕು. ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇದ್ದರೆ ಮೊದಲು ಸರ್ವಿಸ್ ಮೋಡ್‌ಗೆ ಹಾಕಬೇಕು. ಬಲವಂತವಾಗಿ ಒತ್ತಿದರೆ ಮೋಟಾರ್ ಹಾಳಾಗುತ್ತದೆ.

ಹೋಸ್: ಇದಕ್ಕೆ ರಿಪೇರಿ ಇಲ್ಲ, ಬದಲಿಸಬೇಕು. ಒಂದು ಬದಿಯದು ಹಾಳಾಗಿದ್ದರೆ ಇನ್ನೊಂದು ಬದಿಯದೂ ಅಷ್ಟೇ ಹಳೆಯದು, ಜೊತೆಯಾಗಿ ಬದಲಿಸುವುದು ಒಳ್ಳೆಯದು.

ಡ್ರಮ್ ಮತ್ತು ಕೇಬಲ್: ಸೋತ ಸ್ಪ್ರಿಂಗ್, ಅತಿಯಾಗಿ ಬಿಗಿದ ಅಡ್ಜಸ್ಟರ್, ಸೋರುವ ವೀಲ್ ಸಿಲಿಂಡರ್ ಇವನ್ನು ನೋಡಬೇಕು. ತುಕ್ಕು ಹಿಡಿದ ಕೇಬಲ್‌ಗೆ ಎಣ್ಣೆ ಬಿಟ್ಟರೆ ಕೆಲವು ದಿನ ನಡೆಯುತ್ತದೆ, ಶಾಶ್ವತ ಪರಿಹಾರ ಹೊಸ ಕೇಬಲ್.

ಯಾವ ಕೆಲಸ ಮಾಡಿದರೂ ಪ್ಯಾಡ್ ಅಥವಾ ಶೂಗಳನ್ನು ಎಡ-ಬಲ ಜೊತೆಯಾಗಿಯೇ ಬದಲಿಸಬೇಕು. ಪೈಪ್ ಬಿಚ್ಚಿದ್ದರೆ ಗಾಳಿ ತೆಗೆಯಬೇಕು. ಕಾರು ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಪಂಪ್ ಮಾಡಲೇಬೇಕು, ಇಲ್ಲದಿದ್ದರೆ ಮೊದಲ ಒತ್ತಿಗೆ ಬ್ರೇಕ್ ಹಿಡಿಯುವುದಿಲ್ಲ. ಕೊನೆಗೆ, ಮೊದಲು ಮಾಡಿದ ಬಿಸಿ ಪರೀಕ್ಷೆಯನ್ನೇ ಮತ್ತೆ ಮಾಡಿ. ಎರಡೂ ಬದಿ ಸಮನಾಗಿದ್ದರೆ ಮಾತ್ರ ಕೆಲಸ ಮುಗಿದಿದೆ.

ಮನೆಯಲ್ಲೇ ಮಾಡಬಹುದೇ?

ಲಕ್ಷಣ ಗುರುತಿಸುವುದು, ಬಿಸಿ ಹೋಲಿಸುವುದು, ಬ್ರೇಕ್ ದ್ರವದ ಮಟ್ಟ ನೋಡುವುದು ಇಷ್ಟನ್ನು ಯಾರು ಬೇಕಾದರೂ ಮಾಡಬಹುದು. ಬಿಚ್ಚುವ ಕೆಲಸ ಅನುಭವ ಇಲ್ಲದಿದ್ದರೆ ಬೇಡ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಯಾವತ್ತೂ ಹೋಗಬೇಡಿ. ಬ್ರೇಕ್ ಧೂಳನ್ನು ಬಾಯಿಂದ ಅಥವಾ ಏರ್ ಗನ್‌ನಿಂದ ಊದಬೇಡಿ. ಕೆಲವು ಹಳೆಯ ಪ್ಯಾಡ್ ಮತ್ತು ಶೂಗಳಲ್ಲಿ ಶ್ವಾಸಕೋಶಕ್ಕೆ ಅಪಾಯಕಾರಿಯಾದ ಆ್ಯಸ್ಬೆಸ್ಟಾಸ್ ಇರಬಹುದು. ಬ್ರೇಕ್ ದ್ರವ ಕಣ್ಣಿಗೆ ಹಾನಿಕರ, ಕಾರಿನ ಬಣ್ಣವನ್ನೂ ಕಿತ್ತುಹಾಕುತ್ತದೆ.

ತಪ್ಪು ತಿಳಿವಳಿಕೆಗಳು ಮತ್ತು ವಾಸ್ತವ

ಹೇಳಿಕೆ: ಬಿಸಿಯಾದ ಚಕ್ರಕ್ಕೆ ನೀರು ಹಾಕಿದರೆ ಬೇಗ ಸರಿಹೋಗುತ್ತದೆ.
ವಾಸ್ತವ: ತಪ್ಪು. ಕಾದ ಎರಕದ ಕಬ್ಬಿಣ ಒಮ್ಮೆಗೇ ತಣಿದರೆ ಡಿಸ್ಕ್ ಅಥವಾ ಡ್ರಮ್ ಬಿರುಕು ಬಿಡಬಹುದು, ಸೊಟ್ಟಗಾಗಬಹುದು. ಏಳುವ ಹಬೆಯಿಂದ ಕೈ, ಮುಖ ಸುಡಬಹುದು. ಸಿಕ್ಕಿಕೊಂಡ ಭಾಗ ಹಾಗೆಯೇ ಉಳಿಯುತ್ತದೆ.

ಹೇಳಿಕೆ: ತುಕ್ಕು ಬಿಡಿಸುವ ಸ್ಪ್ರೇ ಅಥವಾ ಕೊಬ್ಬರಿ ಎಣ್ಣೆ ಬಿಟ್ಟರೆ ಜಾಮ್ ಬಿಡುತ್ತದೆ.
ವಾಸ್ತವ: ಅಪಾಯಕಾರಿ. ಡಿಸ್ಕ್, ಪ್ಯಾಡ್ ಅಥವಾ ಶೂ ಮೇಲೆ ಎಣ್ಣೆ ಬಿದ್ದರೆ ಬ್ರೇಕ್ ಹಿಡಿಯುವುದೇ ಇಲ್ಲ. ಎಣ್ಣೆ ಹೀರಿಕೊಂಡ ಪ್ಯಾಡ್ ಅನ್ನು ಬಿಸಾಡಬೇಕಾಗುತ್ತದೆ.

ಹೇಳಿಕೆ: ಬ್ರೇಕ್ ಆಯಿಲ್ ಕಡಿಮೆ ಇದ್ದರೆ ತುರ್ತಿಗೆ ಎಂಜಿನ್ ಆಯಿಲ್ ಹಾಕಬಹುದು, ಎರಡೂ ಆಯಿಲ್ ತಾನೇ?
ವಾಸ್ತವ: ಖಂಡಿತ ತಪ್ಪು. ಹೆಸರಿನಲ್ಲಿರುವ 'ಆಯಿಲ್' ಎಂಬ ಪದವೇ ಇಲ್ಲಿ ದಾರಿ ತಪ್ಪಿಸುತ್ತದೆ. ಪೆಟ್ರೋಲಿಯಂ ಎಣ್ಣೆ ತಗುಲಿದರೆ ಬ್ರೇಕ್‌ನ ರಬ್ಬರ್ ಸೀಲ್‌ಗಳು ಊದಿಕೊಳ್ಳುತ್ತವೆ. ಊದಿದ ಸೀಲ್ ಹಿಂತಿರುಗುವ ರಂಧ್ರ ಮುಚ್ಚಿ ನಾಲ್ಕೂ ಬ್ರೇಕ್ ಜಾಮ್ ಆಗಬಹುದು. ಹೀಗಾದರೆ ಇಡೀ ವ್ಯವಸ್ಥೆಯನ್ನು ತೊಳೆದು ರಬ್ಬರ್ ಭಾಗಗಳನ್ನೆಲ್ಲ ಬದಲಿಸಬೇಕಾಗುತ್ತದೆ.

ಹೇಳಿಕೆ: ಕಾರನ್ನು ಎಷ್ಟು ದಿನ ನಿಲ್ಲಿಸಿದರೂ ಹ್ಯಾಂಡ್‌ಬ್ರೇಕ್ ಹಾಕಿಯೇ ಇಡಬೇಕು.
ವಾಸ್ತವ: ಭಾಗಶಃ ತಪ್ಪು. ದಿನನಿತ್ಯದ ನಿಲುಗಡೆಗೆ, ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕ್ ಬೇಕೇ ಬೇಕು. ಆದರೆ ಮಳೆಗಾಲದಲ್ಲಿ ನೆನೆದ ಕಾರನ್ನು ವಾರಗಟ್ಟಲೆ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದರೆ ಶೂ ಡ್ರಮ್‌ಗೆ ಅಂಟಿಕೊಂಡು ತುಕ್ಕು ಹಿಡಿಯಬಹುದು. ಸಮತಟ್ಟಾದ ಜಾಗದಲ್ಲಾದರೆ ಗೇರ್‌ನಲ್ಲಿಟ್ಟು, ಚಕ್ರಕ್ಕೆ ಎರಡೂ ಕಡೆ ಗಟ್ಟಿಯಾದ ಅಡ್ಡೆ ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಡಬಹುದು. ಮಂಗಳೂರು, ಉಡುಪಿ, ಕಾರವಾರದಂಥ ಕರಾವಳಿಯ ಉಪ್ಪುಗಾಳಿಯಲ್ಲಿ ಇದು ಇನ್ನಷ್ಟು ಮುಖ್ಯ.

ಹೇಳಿಕೆ: ಘಟ್ಟದಲ್ಲಿ ನ್ಯೂಟ್ರಲ್‌ನಲ್ಲಿ ಇಳಿದರೆ ಪೆಟ್ರೋಲ್ ಉಳಿಯುತ್ತದೆ.
ವಾಸ್ತವ: ತಪ್ಪು. ಫ್ಯೂಯಲ್ ಇಂಜೆಕ್ಷನ್ ಇರುವ ಇಂದಿನ ಕಾರುಗಳು ಗೇರ್‌ನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಂಧನ ಪೂರೈಕೆಯನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಚಾಲೂ ಇರಲು ಇಂಧನ ಬೇಕು. ಜೊತೆಗೆ ಕಾರಿನ ಪೂರ್ತಿ ಭಾರ ಬ್ರೇಕ್ ಮೇಲೆ ಬೀಳುತ್ತದೆ. ಏರಲು ಬೇಕಾದ ಕಡಿಮೆ ಗೇರ್‌ನಲ್ಲೇ ಇಳಿಯುವುದು ಸರಿಯಾದ ಕ್ರಮ.

ಮೆಕ್ಯಾನಿಕ್ ಬಳಿ ಏನು ಕೇಳಬೇಕು?

'ಪ್ಯಾಡ್ ಹೋಗಿದೆ, ಬದಲಿಸಬೇಕು' ಎಂದಾಗ ಒಪ್ಪಿಕೊಳ್ಳುವ ಮೊದಲು ಈ ನಾಲ್ಕು ಪ್ರಶ್ನೆ ಕೇಳಿ:

1. ಯಾವ ಚಕ್ರ? ಎದುರು ಬದಿಯ ಚಕ್ರದ ಜೊತೆ ಹೋಲಿಸಿ ನೋಡಿದಿರಾ?
2. ಬ್ಲೀಡರ್ ತೆರೆದಾಗ ಚಕ್ರ ಹಗುರವಾಯಿತಾ, ಇಲ್ಲವಾ?
3. ಸ್ಲೈಡ್ ಪಿನ್‌ಗಳು ಕೈಯಲ್ಲಿ ಸಲೀಸಾಗಿ ಜಾರುತ್ತಿವೆಯಾ?
4. ಹಳೆಯ ಪ್ಯಾಡ್‌ಗಳನ್ನು ತೋರಿಸುತ್ತೀರಾ? ಒಳಗಿನದು, ಹೊರಗಿನದು ಸಮವಾಗಿ ಸವೆದಿವೆಯಾ?

ಒಳ್ಳೆಯ ಮೆಕ್ಯಾನಿಕ್ ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ಬಿಚ್ಚಿದ ಚಕ್ರದ ಬಳಿ ಕರೆದು ತೋರಿಸುತ್ತಾರೆ.

ಕೊನೆಯ ಮಾತು

ಬ್ರೇಕ್ ಎರಡು ಕೆಲಸ ಮಾಡಬೇಕು: ಒತ್ತಿದಾಗ ಹಿಡಿಯಬೇಕು, ಬಿಟ್ಟಾಗ ಬಿಡಬೇಕು. ಎರಡನೆಯದು ಕೆಟ್ಟರೆ ಮೊದಲನೆಯದೂ ಕೆಡುತ್ತದೆ. ಮುಂದಿನ ಸಲ ಊರಿಗೆ ಹೋಗಿ ಕಾರು ನಿಲ್ಲಿಸಿದಾಗ ಒಂದು ನಿಮಿಷ ನಾಲ್ಕೂ ಚಕ್ರಗಳ ಸುತ್ತ ನಡೆದು ಬನ್ನಿ. ಮೂರು ಚಕ್ರ ಬೆಚ್ಚಗಿದ್ದು ಒಂದು ಮಾತ್ರ ಕಾದಿದ್ದರೆ, ಕಾರನ್ನು ಮತ್ತೆ ಘಟ್ಟ ಹತ್ತಿಸುವ ಮೊದಲು ಗ್ಯಾರೇಜ್‌ಗೆ ಒಯ್ಯಿರಿ.